ಕುಟುಕು ಕೋಶವನ್ನು ಯಾವ ಪಾಠದಲ್ಲಿ ಓದಬೇಕು?

ಪಿಯು ಮೊದಲ ವರ್ಷದ ಜೀವಶಾಸ್ತ್ರ ಪಠ್ಯದಲ್ಲಿ ನೈಡೇರಿಯಾ ವಂಶಕ್ಕೆ ಸಿಗುವ ಜಾಗ ಬಹಳ ಕಡಿಮೆ. ಹೈಡ್ರಾ, ಜೆಲ್ಲಿ ಮೀನು, ಕಡಲ ಹೂ, ಹವಳ ಇವೆಲ್ಲ ಒಂದೇ ಮನೆತನದ ನೀರಿನ ಪ್ರಾಣಿಗಳು, ಇವುಗಳ ಗ್ರಹಣಾಂಗಗಳ ಮೇಲೆ ಕುಟುಕು ಕೋಶಗಳಿರುತ್ತವೆ, ಅವು ಬೇಟೆಗೂ ಆತ್ಮರಕ್ಷಣೆಗೂ ಒದಗುತ್ತವೆ ಎಂದು ಹೇಳಿ ಪಠ್ಯ ಮುಂದಿನ ವಂಶಕ್ಕೆ ದಾಟುತ್ತದೆ. ರೋಗನಿರೋಧಕತೆಯ ಮಾತು ಬರುವುದು ಎರಡನೆಯ ವರ್ಷದಲ್ಲಿ, ಮನುಷ್ಯನ ಆರೋಗ್ಯ ಮತ್ತು ರೋಗಗಳ ಅಧ್ಯಾಯದಲ್ಲಿ. ಅಲ್ಲಿ ಪ್ರತಿಕಾಯಗಳಿವೆ, ಟಿ ಮತ್ತು ಬಿ ಎಂಬ ರಕ್ಷಕ ಬಿಳಿ ರಕ್ತಕೋಶಗಳಿವೆ, ಅಲರ್ಜಿಯಿದೆ, ಲಸಿಕೆಯಿದೆ, ಹೈಡ್ರಾದ ಸುಳಿವಿಲ್ಲ. ಬೆಳಗಾವಿಯಲ್ಲಿ ಈ ಎರಡೂ ಪಾಠಗಳನ್ನು ಬಹುಕಾಲದಿಂದ ಹೇಳಿಕೊಡುತ್ತ ಬಂದಿರುವ ನನಗೆ, ಇವೆರಡರ ನಡುವೆ ನಾವು ಕಟ್ಟಿರುವ ಗೋಡೆಗೆ ಜೀವಲೋಕದಲ್ಲಿ ಆಧಾರವಿಲ್ಲ ಎಂಬುದು ವರ್ಷದಿಂದ ವರ್ಷಕ್ಕೆ ಹೆಚ್ಚು ಸ್ಪಷ್ಟವಾಗುತ್ತಿದೆ. ಕುಟುಕು ಕೋಶವನ್ನು ರೋಗನಿರೋಧಕತೆಯ ಪಾಠದೊಳಗೇ ಇಟ್ಟು ಓದಬೇಕು ಎಂಬುದು ನನ್ನ ವಾದ. ಅದಕ್ಕೆ ಇರುವ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಮುದ್ರದಿಂದ ದೂರವಿರುವ ನಮಗೆ ಈ ಮನೆತನದ ಪರಿಚಯ ಆಗುವುದು ಸಿಹಿನೀರಿನ ಹೈಡ್ರಾದಿಂದಲೇ. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯವರು ತಮ್ಮ ಪರಿಸರದ ಹೈಡ್ರಾ ತಳಿಯೊಂದನ್ನು ವಿವರವಾಗಿ ಗುರುತಿಸಿ ಅದರ ಮೇಲೆ ಕೆಲಸ ಮಾಡಿದ್ದಾರೆ. ಖಾನಾಪುರದ ಕಡೆಯ ಕೆರೆಗಳಿಂದ ನೀರುಗಿಡಗಳನ್ನು ತಂದು ಗಾಜಿನ ಬಟ್ಟಲಿನಲ್ಲಿ ಅಲುಗಾಡಿಸದೆ ಇಟ್ಟರೆ ಎಲೆಯ ಅಡಿಗೆ ಅಂಟಿಕೊಂಡ ಹೈಡ್ರಾ ನಮ್ಮ ಕಣ್ಣಿಗೂ ಬೀಳುವುದುಂಟು. ಸೂಕ್ಷ್ಮದರ್ಶಕದ ಕೆಳಗೆ ಅದರ ಗ್ರಹಣಾಂಗ ನಯವಾದ ದಾರದಂತಿರದೆ ಉದ್ದಕ್ಕೂ ಗಂಟುಗಂಟಾಗಿ ಕಾಣುತ್ತದೆ. ಆ ಒಂದೊಂದು ಗಂಟೂ ಕುಟುಕು ಕೋಶಗಳ ಗುಂಪು. ಡ್ಯಾಫ್ನಿಯಾ ಎಂಬ ನೀರುಚಿಗಟ ಕುಪ್ಪಳಿಸುತ್ತ ಬಂದು ಆ ದಾರಕ್ಕೆ ತಗುಲಿದೊಡನೆ ಅದರ ಓಟ ನಿಲ್ಲುತ್ತದೆ. ಸ್ವಲ್ಪ ಹೊತ್ತು ಕಾಲಾಡಿಸುತ್ತದೆ, ಆಮೇಲೆ ಅದೂ ಇಲ್ಲ. ಹೆಚ್ಚಿನ ವರ್ಧನೆಯಲ್ಲಿ ನೋಡಿದರೆ ಅದರ ರೋಮಗಳ ಸುತ್ತ ಸುರುಳಿ ಸುತ್ತಿದ ಸಣ್ಣ ಎಳೆಗಳೂ, ಕವಚವನ್ನು ತೂತು ಮಾಡಿ ಒಳಹೊಕ್ಕ ಮುಳ್ಳುಬುಡದ ಉದ್ದ ಎಳೆಗಳೂ ಬೇರೆಬೇರೆಯಾಗಿ ಕಾಣಿಸುತ್ತವೆ. ಹಿಡಿಯುವುದಕ್ಕೆ ಒಂದು ಬಗೆಯ ಕೋಶ, ವಿಷವೇರಿಸುವುದಕ್ಕೆ ಇನ್ನೊಂದು ಬಗೆಯದು.

ಈ ಕೋಶದೊಳಗಿನ ಸಂಪುಟಕ್ಕೆ ನೆಮಟೋಸಿಸ್ಟ್ ಎಂದು ಹೆಸರು. ಕೊಲಾಜೆನ್ ಜಾತಿಯ ಪುಟ್ಟ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಅದರ ಗೋಡೆಯಾಗಿವೆ; ಒಳಗೆ ಮಡಚಿಟ್ಟ ಟೊಳ್ಳು ನಳಿಕೆ, ವಿಷ, ಜೊತೆಗೆ ಪಾಲಿ ಗಾಮಾ ಗ್ಲುಟಮೇಟ್ ಎಂಬ ಉದ್ದ ಸರಪಳಿಯ ಅಣು. ಈ ಅಣು ನೀರನ್ನು ಎಳೆದುಕೊಳ್ಳುವುದರಿಂದ ಸಂಪುಟದೊಳಗಿನ ಒತ್ತಡ ಸುಮಾರು 150 ಬಾರ್ ತನಕ ಏರುತ್ತದೆ. ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಕಬ್ಬು ಹೇರಿಕೊಂಡು ಹೋಗುವ ಲಾರಿಯ ಟೈರಿನೊಳಗಿನ ಒತ್ತಡಕ್ಕಿಂತ ಇದು ಹದಿನೈದು ಪಟ್ಟಿಗೂ ಹೆಚ್ಚು. 2006ರಲ್ಲಿ ಜರ್ಮನಿಯ ಸಂಶೋಧಕರು ಅತಿವೇಗದ ಕ್ಯಾಮೆರಾದಿಂದ ಹೈಡ್ರಾದ ಸಂಪುಟ ಸಿಡಿಯುವುದನ್ನು ಚಿತ್ರೀಕರಿಸಿದಾಗ, ಮುಳ್ಳು ಹೊರಚಿಮ್ಮಲು ತೆಗೆದುಕೊಂಡ ಕಾಲ ಸುಮಾರು 700 ನ್ಯಾನೋಸೆಕೆಂಡು, ಅದರ ವೇಗೋತ್ಕರ್ಷ ಭೂಗುರುತ್ವದ 50 ಲಕ್ಷ ಪಟ್ಟಿಗೂ ಮಿಕ್ಕಿದ್ದು ಎಂದು ಗೊತ್ತಾಯಿತು. ಪಾಲಿ ಗಾಮಾ ಗ್ಲುಟಮೇಟ್ ಎಂಬ ಹೆಸರನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ಬೇರೆಯೇ ಸಂದರ್ಭದಲ್ಲಿ ಬರುತ್ತದೆ.

ಒಮ್ಮೆ ಸಿಡಿದ ಸಂಪುಟ ಮತ್ತೆ ಬಳಕೆಗೆ ಬರುವುದಿಲ್ಲ. ಅದರ ಜಾಗಕ್ಕೆ ಕಾಂಡಕೋಶಗಳಿಂದ ಹೊಸ ಕೋಶವೇ ಹುಟ್ಟಿ ಬೆಳೆದು ಬರಬೇಕು. ಹಾಗಾಗಿ ತಾಗಿದ್ದಕ್ಕೆಲ್ಲ ಸಿಡಿದುಬಿಡುವುದು ಈ ಪ್ರಾಣಿಗಳಿಗೆ ನಷ್ಟದ ಲೆಕ್ಕ. ತೇಲಿಬಂದ ಕಡ್ಡಿ, ತನ್ನದೇ ಇನ್ನೊಂದು ಗ್ರಹಣಾಂಗ, ಅಲೆಯ ಹೊಡೆತ ಇವೆಲ್ಲವನ್ನೂ ಬೇಟೆಯಿಂದ ಬೇರ್ಪಡಿಸಿ ತಿಳಿಯಲೇಬೇಕು. ಇಲ್ಲಿಂದಲೇ ವಿಷಯ ರೋಗನಿರೋಧಕತೆಯ ಅಂಗಳಕ್ಕೆ ಕಾಲಿಡುತ್ತದೆ, ಏಕೆಂದರೆ ಎದುರಿಗಿರುವುದು ನಾನೋ ಪರರೋ ಎಂದು ಅಣುಗಳ ಮೂಲಕ ನಿರ್ಧರಿಸುವುದೇ ಆ ಶಾಸ್ತ್ರದ ಮೂಲ ಪ್ರಶ್ನೆ.

1989ರಲ್ಲಿ ಗ್ಲೆನ್ ವಾಟ್ಸನ್ ಮತ್ತು ಡೇವಿಡ್ ಹೆಸ್ಸಿಂಜರ್ ಪ್ರಕಟಿಸಿದ ಪ್ರಯೋಗವೊಂದು ನನಗೆ ಅತ್ಯಂತ ಪ್ರಿಯವಾದುದು. ಬೇಟೆಯ ಮೈಲೋಳೆಯಲ್ಲಿರುವ ಸಿಯಾಲಿಕ್ ಆಮ್ಲದಂಥ ಸಕ್ಕರೆಗಳು ಕಡಲ ಹೂವಿನ ಗ್ರಾಹಕಗಳಿಗೆ, ಅಂದರೆ ಅಣುಗಳನ್ನು ಗುರುತಿಸುವ ಪ್ರೋಟೀನುಗಳಿಗೆ, ತಗುಲಿದಾಗ, ಅದರ ಕಂಪನ ಗ್ರಹಿಸುವ ರೋಮಗಳು ಈಜುವ ಬೇಟೆಯ ಕಂಪನಗಳಿಗೆ ಹೊಂದುವಂತೆ ಶ್ರುತಿಗೊಳ್ಳುತ್ತವೆ ಎಂದು ಅವರು ತೋರಿಸಿದರು. ಮೊದಲು ರುಚಿ, ಆಮೇಲೆ ಕಂಪನ, ಎರಡೂ ಕೂಡಿದರೆ ಸಿಡಿತ. ಈಗ ಇದೇ ಸಿಯಾಲಿಕ್ ಆಮ್ಲ ನಮ್ಮ ಮೈಯಲ್ಲಿ ಏನು ಮಾಡುತ್ತದೆ ಎಂದು ನೋಡಬೇಕು. ನಮ್ಮ ಜೀವಕೋಶಗಳ ಹೊರಮೈ ಈ ಸಕ್ಕರೆಯಿಂದ ದಟ್ಟವಾಗಿ ಹೊದ್ದುಕೊಂಡಿರುತ್ತದೆ, ಮತ್ತು ರಕ್ತದಲ್ಲಿ ಸುತ್ತುವ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನು ಅದನ್ನು ಗುರುತು ಹಿಡಿದು, ಇದು ನಮ್ಮದೇ ಕೋಶ, ಇದರ ಮೇಲೆ ದಾಳಿ ಬೇಡ ಎಂದು ಕಾಂಪ್ಲಿಮೆಂಟ್ ಎಂಬ, ರಕ್ತದ ಪ್ರೋಟೀನುಗಳ ರಕ್ಷಣಾ ವ್ಯವಸ್ಥೆಯನ್ನು ತಡೆಯುತ್ತದೆ. ನಮ್ಮೊಳಗೆ ಸ್ವಂತದ ಗುರುತಾಗಿರುವ ಸಕ್ಕರೆ ಕಡಲ ಹೂವಿಗೆ ಪರಕೀಯನ ಗುರುತು. ಕಡಲ ಹೂಗಳ ನಡುವೆಯೇ ಸಂಸಾರ ಹೂಡುವ ಕ್ಲೌನ್ ಮೀನು ಕುಟುಕಿಸಿಕೊಳ್ಳದಿರುವುದರ ಗುಟ್ಟೂ ಇಲ್ಲೇ ಇರುವಂತಿದೆ: ಅದರ ಮೈಲೋಳೆಯಲ್ಲಿ ಸಿಯಾಲಿಕ್ ಆಮ್ಲ ತೀರಾ ಕಡಿಮೆ. ಎಳೆಯ ಮರಿಗಳಲ್ಲಿ ಆ ಸಕ್ಕರೆ ಸಾಮಾನ್ಯ ಮಟ್ಟದಲ್ಲಿದ್ದು, ಅವು ರೂಪಾಂತರಗೊಂಡು ಮೈಮೇಲೆ ಬಿಳಿ ಪಟ್ಟಿಗಳು ಮೂಡುವ ಹೊತ್ತಿಗೆ ಅದು ಇಳಿಯುತ್ತದೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಸ್ವಂತ ಮತ್ತು ಪರ ಎಂಬ ಭೇದವನ್ನು ಇವು ಬೇಟೆಯ ವಿಷಯದಲ್ಲಿ ಮಾತ್ರ ಪಾಲಿಸುತ್ತವೆ ಎಂದುಕೊಂಡರೆ ಸಾಲದು, ತಮ್ಮ ಜಾತಿಯವರ ನಡುವೆಯೂ ಪಾಲಿಸುತ್ತವೆ. ಅಮೆರಿಕದ ಪೆಸಿಫಿಕ್ ತೀರದ ಬಂಡೆಗಳ ಮೇಲೆ ಆಂಥೋಪ್ಲೂರಾ ಎಲೆಗಾಂಟಿಸಿಮಾ ಎಂಬ ಕಡಲ ಹೂ ತನ್ನನ್ನೇ ಸೀಳಿಕೊಂಡು ತದ್ರೂಪಿಗಳ ದೊಡ್ಡ ಗುಂಪುಗಳಾಗಿ ಹರಡುತ್ತದೆ. ಎರಡು ಗುಂಪುಗಳು ಸಂಧಿಸುವಲ್ಲಿ ಬರಿ ಬಂಡೆಯ ಕಿರಿದಾದ ಓಣಿಯೊಂದು ಖಾಲಿ ಉಳಿದಿರುತ್ತದೆ. ಲಿಸ್ಬೆತ್ ಫ್ರಾನ್ಸಿಸ್ 1973ರಲ್ಲಿ ಇದರ ಕಾರಣವನ್ನು ವಿವರಿಸಿದರು. ತನ್ನ ಗುಂಪಿನ ತದ್ರೂಪಿಯ ಗ್ರಹಣಾಂಗ ತಾಗಿದರೆ ಈ ಪ್ರಾಣಿ ಸುಮ್ಮನಿರುತ್ತದೆ. ಬೇರೆ ಗುಂಪಿನದು ತಾಗಿದರೆ ಕತ್ತಿನ ಸುತ್ತ ಅಡಗಿರುವ ಬಿಳಿ ಗುಬುಟುಗಳನ್ನು ಉಬ್ಬಿಸಿ, ಮೈಯನ್ನು ಮೇಲಕ್ಕೆ ಚಾಚಿ ಬಾಗಿ ಎದುರಾಳಿಯ ಮೇಲೆ ಒತ್ತುತ್ತದೆ. ಗುಬುಟಿನ ಹೊರಪದರ ಕುಟುಕು ಸಂಪುಟಗಳ ಸಮೇತ ಸುಲಿದು ಎದುರಾಳಿಯ ಮೈಗೆ ಅಂಟಿಕೊಳ್ಳುತ್ತದೆ, ಅಂಟಿದ ಕಡೆ ಅಂಗಾಂಶ ಸಾಯುತ್ತದೆ. ಗುಂಪಿನ ಗಡಿಯಲ್ಲಿರುವ ಪ್ರಾಣಿಗಳಲ್ಲಿ ಇಂಥ ಗುಬುಟುಗಳು ಹೆಚ್ಚು, ಸಂತಾನದ ಅಂಗಗಳು ಕಡಿಮೆ; ನಡುವಿನವುಗಳಲ್ಲಿ ಇದು ತಿರುವುಮುರುವು. ಮೂತ್ರಪಿಂಡದ ಕಸಿಗೆ ಅಂಗಾಂಶ ಹೊಂದಾಣಿಕೆ ನೋಡಬೇಕಾದದ್ದೇಕೆ ಎಂದು ಎರಡನೆಯ ವರ್ಷದವರಿಗೆ ವಿವರಿಸುವಾಗ ನಾನು ಈ ಬಂಡೆಯ ಓಣಿಯಿಂದಲೇ ಆರಂಭಿಸುತ್ತೇನೆ.

ಇದು ಬರೀ ಸಾದೃಶ್ಯದ ಮಾತಲ್ಲ ಎನ್ನುವುದಕ್ಕೆ ಹೈಡ್ರಾಕ್ಟಿನಿಯಾ ಸಾಕ್ಷಿ. ಸನ್ಯಾಸಿ ಏಡಿ ಹೊತ್ತು ತಿರುಗುವ ಚಿಪ್ಪಿನ ಮೇಲೆ ಇದು ಚಾಪೆ ಹಾಸಿದಂತೆ ಬೆಳೆಯುತ್ತದೆ. ಎರಡು ಕುಟುಂಬಗಳು ಒಂದೇ ಚಿಪ್ಪಿನ ಮೇಲೆ ಎದುರಾದರೆ, ರಕ್ತಸಂಬಂಧವಿದ್ದಲ್ಲಿ ಕೂಡಿ ಒಂದಾಗುತ್ತವೆ. ಇಲ್ಲದಿದ್ದಲ್ಲಿ ಗಡಿಯಲ್ಲಿ ದಪ್ಪನೆಯ ಕುಡಿಗಳನ್ನು ಬೆಳೆಸಿ, ಅವುಗಳಲ್ಲಿ ಕುಟುಕು ಕೋಶಗಳನ್ನು ಕಿಕ್ಕಿರಿಸಿ ಕಾದಾಡುತ್ತವೆ. ಈ ತೀರ್ಮಾನವನ್ನು ನಡೆಸುವ ವಂಶವಾಹಿಗಳನ್ನು ಗುರುತಿಸಲಾಗಿದ್ದು, ಅವು ತಯಾರಿಸುವ ಪ್ರೋಟೀನುಗಳು ನಮ್ಮ ಪ್ರತಿಕಾಯಗಳು ಸೇರಿರುವ ಇಮ್ಯುನೋಗ್ಲಾಬ್ಯುಲಿನ್ ಎಂಬ ವಿಶಾಲ ಬಳಗಕ್ಕೇ ಸೇರಿದವು ಎಂದು 2022ರಲ್ಲಿ ಪ್ರಕಟವಾಯಿತು. ನೈಡೇರಿಯಾಗಳಲ್ಲಿ ಪ್ರತಿಕಾಯಗಳಿಲ್ಲ, ಟಿ ಕೋಶಗಳಿಲ್ಲ, ಬಿ ಕೋಶಗಳಿಲ್ಲ. ಆದರೂ ಆ ಬಳಗದ ಅಣುಗಳಿಂದ ಪರರನ್ನು ಗುರುತಿಸಿ ಕುಟುಕು ಕೋಶದಿಂದ ಉತ್ತರ ಕೊಡುವ ಏರ್ಪಾಡು ಅವುಗಳಲ್ಲಿದೆ.

ಈ ಎಲ್ಲಕ್ಕಿಂತ ನೇರವಾದ ಪುರಾವೆ ನೆಮಟೋಸ್ಟೆಲ್ಲಾ ಎಂಬ, ಉಪ್ಪುಜವುಗಿನ ಕೆಸರಿನಲ್ಲಿ ಹುದುಗಿ ಬದುಕುವ, ಕೆಲವೇ ಸೆಂಟಿಮೀಟರು ಉದ್ದದ ಕಡಲ ಹೂವಿನಿಂದ ಸಿಕ್ಕಿದ್ದು. 2007ರಲ್ಲಿ ಇದರ ಜೀನೋಮ್, ಅಂದರೆ ವಂಶವಾಹಿಗಳ ಪೂರ್ತಿ ಬರಹ, ಪ್ರಕಟವಾದ ಮೇಲೆ ಸಂಶೋಧಕರು ಅದರಲ್ಲಿ ನಮ್ಮ ರೋಗನಿರೋಧಕತೆಯ ಹಳೆಯ ಅಣುಗಳನ್ನು ಹುಡುಕತೊಡಗಿದರು. ಅಂಥವುಗಳಲ್ಲಿ ಮುಖ್ಯವಾದದ್ದು ಎನ್‌ಎಫ್ ಕಪ್ಪಾ ಬಿ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಬಿ ಕೋಶಗಳಲ್ಲಿ ಕಂಡುಹಿಡಿದರು. ಸೋಂಕು ತಗುಲಿದ ಸುದ್ದಿ ಬಂದಾಗ ಕೋಶಕೇಂದ್ರವನ್ನು ಹೊಕ್ಕು ರಕ್ಷಣೆಯ ವಂಶವಾಹಿಗಳನ್ನು ಎಬ್ಬಿಸುವ ಪ್ರೋಟೀನು ಇದು. ಬಾಸ್ಟನ್ ವಿಶ್ವವಿದ್ಯಾಲಯದ ತಂಡವೊಂದು ನೆಮಟೋಸ್ಟೆಲ್ಲಾದಲ್ಲಿ ಇದು ಎಲ್ಲಿದೆ ಎಂದು ನೋಡಿದಾಗ ಕಂಡದ್ದು ಕುಟುಕು ಕೋಶಗಳಲ್ಲಿ. ಭ್ರೂಣದಲ್ಲಿ ಇದರ ತಯಾರಿಕೆಯನ್ನು ತಡೆದರೆ ಕುಟುಕು ಕೋಶಗಳು ಸರಿಯಾಗಿ ಬೆಳೆಯುವುದೇ ಇಲ್ಲ ಎಂದು 2013ರಲ್ಲಿ ಅವರು ವರದಿ ಮಾಡಿದರು. 2017ರಲ್ಲಿ ಇನ್ನೊಂದು ಕೊಂಡಿ ಸೇರಿತು. ರೋಗಾಣುಗಳ ಸುಳಿವು ಹಿಡಿಯುವ ಟೋಲ್ ಗ್ರಾಹಕಗಳು ನಮ್ಮಲ್ಲಿ ಹತ್ತಿವೆ, ನೆಮಟೋಸ್ಟೆಲ್ಲಾದಲ್ಲಿ ಇರುವುದು ಒಂದೇ. ಆ ಒಂದು ಗ್ರಾಹಕವೂ ಎನ್‌ಎಫ್ ಕಪ್ಪಾ ಬಿ ಜೊತೆಯಲ್ಲಿ ಕುಟುಕು ಕೋಶಗಳಲ್ಲೇ ಕಾಣಿಸಿತು. ಹವಳಗಳಿಗೆ ರೋಗ ತರುವ ವಿಬ್ರಿಯೋ ಕೊರಲಿಲಿಟಿಕಸ್ ಬ್ಯಾಕ್ಟೀರಿಯಕ್ಕೆ ಅದು ಸ್ಪಂದಿಸುತ್ತದೆ. ಮನುಷ್ಯನ ಜೀವಕೋಶಕ್ಕೆ ಆ ಗ್ರಾಹಕವನ್ನು ಸೇರಿಸಿದರೆ ಅಲ್ಲಿಯೂ ಕೆಲಸ ಮಾಡುತ್ತದೆ.

ಸುಮಾರು 60 ಕೋಟಿ ವರ್ಷಗಳ ಹಿಂದೆಯೇ ನಮ್ಮಿಂದ ಕವಲೊಡೆದ ಪ್ರಾಣಿಯೊಂದರ ಗ್ರಾಹಕ ನಮ್ಮ ಕೋಶದೊಳಗೆ ಅಪರಿಚಿತವಾಗದೆ ಉಳಿದಿದೆ ಎನ್ನುವುದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ಸಲವೂ ನನಗೆ ಮೈ ನವಿರೇಳುತ್ತದೆ. ಕುಟುಕು ಕೋಶವನ್ನು ಸಂಪೂರ್ಣವಾಗಿ ರೋಗನಿರೋಧಕ ಕೋಶವೆಂದು ಕರೆಯುವಷ್ಟು ದೂರ ನಾನು ಹೋಗುವುದಿಲ್ಲ. ಹವಳಗಳಲ್ಲೂ ನೆಮಟೋಸ್ಟೆಲ್ಲಾದಲ್ಲೂ ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳು ಬೇರೆಯಾಗಿಯೇ ಇವೆ. ಆದರೆ ಬೇಟೆಯ ಕೋಶವನ್ನು ಕಟ್ಟುವ ಕೈಯೂ ರೋಗಾಣುವಿನ ಸುದ್ದಿ ಕೇಳುವ ಕೈಯೂ ಒಂದೇ ಆಗಿರುವಾಗ, ಅವನ್ನು ಬೇರೆಬೇರೆ ವರ್ಷಗಳ ಪಾಠಗಳಲ್ಲಿ ಇಡುವುದು ಎಷ್ಟು ಸರಿ ಎಂದು ಕೇಳುವ ಹಕ್ಕು ನಮಗಿದೆ. ವಿಷದ ಕಡೆಯಿಂದ ನೋಡಿದರೂ ಇದೇ ನೆಂಟಸ್ತಿಕೆ. ಕೆಲವು ಕಡಲ ಹೂಗಳ ವಿಷದಲ್ಲಿ ಎದುರಾಳಿ ಕೋಶದ ಪೊರೆಗೆ ತೂತು ಕೊರೆಯುವ ಪ್ರೋಟೀನುಗಳಿದ್ದು, ನಮ್ಮ ಟಿ ಕೋಶಗಳು ಸೋಂಕಿತ ಕೋಶಗಳನ್ನು ಕೊಲ್ಲಲು ಬಳಸುವ ಪರ್ಫೊರಿನ್ ಕೂಡ ಅದೇ ಕುಲದ್ದು.

ಇನ್ನು ಮನುಷ್ಯನ ಕಡೆಗೆ ಬರೋಣ. ಅಲರ್ಜಿಯ ಶಾಸ್ತ್ರವೇ ಕುಟುಕು ಕೋಶದಿಂದ ಹುಟ್ಟಿತೆಂದರೆ ಅತಿಶಯವಲ್ಲ. 1901ರ ಬೇಸಿಗೆಯಲ್ಲಿ ಮೊನಾಕೋದ ರಾಜಕುಮಾರ ಒಂದನೆಯ ಆಲ್ಬರ್ಟನ ಸಂಶೋಧನಾ ಹಡಗಿನಲ್ಲಿ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಎಂಬ ಫ್ರೆಂಚ್ ವಿಜ್ಞಾನಿಗಳು ಫೈಸೇಲಿಯಾದ ವಿಷವನ್ನು ಅಧ್ಯಯನ ಮಾಡಲು ಹೊರಟರು. ನೀಲಿ ಗಾಳಿಚೀಲದ, ಉದ್ದ ಎಳೆಗಳ ಈ ಜೀವಿ ನೋಡಲು ಜೆಲ್ಲಿ ಮೀನಿನಂತಿದ್ದರೂ ಹಲವು ಜೀವಿಗಳು ಕೂಡಿದ ವಸಾಹತು. ಊರಿಗೆ ಮರಳಿದ ಮೇಲೆ ಫೈಸೇಲಿಯಾ ಸಿಗದಿದ್ದರಿಂದ ಕಡಲ ಹೂಗಳ ವಿಷದಿಂದ ಪ್ರಯೋಗ ಮುಂದುವರಿಸಿದರು. ನಾಯಿಗಳಿಗೆ ಅಲ್ಪ ಪ್ರಮಾಣದಲ್ಲಿ ವಿಷ ಕೊಟ್ಟು, ಅದನ್ನು ತಾಳಿಕೊಳ್ಳುವ ಶಕ್ತಿ ಬರುತ್ತದೆಯೇ ಎಂದು ನೋಡುವುದು ಉದ್ದೇಶ. ನೆಪ್ಚೂನ್ ಎಂಬ ದಷ್ಟಪುಷ್ಟ ನಾಯಿ ಮೊದಲ ಪ್ರಮಾಣವನ್ನು ಸುಲಭವಾಗಿ ಅರಗಿಸಿಕೊಂಡಿತ್ತು. ಕೆಲವು ವಾರಗಳ ನಂತರ ಮತ್ತೆ ಅಲ್ಪ ವಿಷ ಕೊಟ್ಟಾಗ ಅದು ಕ್ಷಣಾರ್ಧದಲ್ಲಿ ಏದುಸಿರು ಬಿಡುತ್ತ, ನಿಲ್ಲಲಾರದೆ ಕುಸಿದು, ಅರ್ಧ ಗಂಟೆಯೊಳಗೆ ಸತ್ತುಹೋಯಿತು. ಅದನ್ನು ಕೊಂದದ್ದು ವಿಷದ ಪ್ರಮಾಣವಲ್ಲ, ಮೊದಲ ಪ್ರಮಾಣವನ್ನು ನೆನಪಿಟ್ಟುಕೊಂಡಿದ್ದ ಅದರ ದೇಹವೇ. 1902ರಲ್ಲಿ ಅವರು ಇದನ್ನು ಅನಾಫೈಲಾಕ್ಸಿಸ್ ಎಂದು ಹೆಸರಿಸಿದರು, 1913ರಲ್ಲಿ ರಿಷೆಗೆ ನೊಬೆಲ್ ಬಹುಮಾನ ಬಂತು. ಇದರ ಹಿಂದಿರುವ ಐಜಿಇ ಪ್ರತಿಕಾಯದ ಪತ್ತೆಯಾಗಲು 1966 ಬರಬೇಕಾಯಿತು.

ತಿಲಕವಾಡಿಯ ವ್ಯಾಕ್ಸಿನ್ ಡಿಪೊ ಮೈದಾನದಲ್ಲಿ ಬೆಳಗಿನ ನಡಿಗೆಗೆ ಹೋಗುವ ನಮ್ಮೂರಿನವರಿಗೆ ಅಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು ಎಂಬುದು ಗೊತ್ತಿರುತ್ತದೆ. ದೇಹದ ನೆನಪು ಕಾಪಾಡುತ್ತದೆ ಎಂಬ ನಂಬಿಕೆಯ ಮೇಲೆ ನಡೆದ ಕೆಲಸ ಅದು, ಮತ್ತು ಆ ನಂಬಿಕೆ ಸಿಡುಬನ್ನು ಭೂಮಿಯಿಂದಲೇ ಅಳಿಸಿತು. ರಿಷೆ ಕೂಡ ಅದೇ ನಂಬಿಕೆಯಿಂದ ಹೊರಟವರು. ಅದೇ ನೆನಪು ಕೊಲ್ಲಲೂಬಹುದು ಎಂಬುದನ್ನು ಜಗತ್ತಿಗೆ ಮೊದಲು ಸ್ಪಷ್ಟಪಡಿಸಿದ್ದು ಕಡಲ ಹೂವಿನ ವಿಷ. ಲಸಿಕೆ ಮತ್ತು ಅಲರ್ಜಿಗಳನ್ನು ಒಂದೇ ಅಧ್ಯಾಯದಲ್ಲಿ ಓದುವ ಮಕ್ಕಳಿಗೆ ಈ ಚರಿತ್ರೆ ತಿಳಿಯದೆ ಹೋಗುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಪಾಲಿ ಗಾಮಾ ಗ್ಲುಟಮೇಟ್‌ನ ಮಾತಿಗೆ ಮರಳುತ್ತೇನೆ. ಜಪಾನಿನಲ್ಲಿ ಸೋಯಾ ಕಾಳನ್ನು ಹುದುಗಿಸಿ ಮಾಡುವ ನಾಟ್ಟೊ ಎಂಬ ತಿನಿಸಿದೆ. ಅದರ ಲೋಳೆಯೆಳೆಗಳಲ್ಲಿ ಇದೇ ಅಣು ಇರುತ್ತದೆ, ಹುದುಗಿಸುವ ಬ್ಯಾಕ್ಟೀರಿಯ ಅದನ್ನು ತಯಾರಿಸುತ್ತದೆ. ನಾಟ್ಟೊ ತಿಂದ ಹಲವು ಗಂಟೆಗಳ ನಂತರ, ಒಮ್ಮೊಮ್ಮೆ ಅರ್ಧ ದಿನ ಕಳೆದ ಮೇಲೆ, ಅನಾಫೈಲಾಕ್ಸಿಸ್‌ಗೆ ಒಳಗಾಗುವ ಕೆಲವರನ್ನು ಅಲ್ಲಿಯ ಚರ್ಮವೈದ್ಯರು ಪರೀಕ್ಷಿಸಿದಾಗ ಅವರಲ್ಲಿ ಬಹುಪಾಲು ಜನ ಅಲೆಗಳ ಮೇಲೆ ಸರ್ಫಿಂಗ್ ಮಾಡುವವರೆಂದು ಕಂಡುಬಂತು. ಸಮುದ್ರದಲ್ಲಿ ಮತ್ತೆ ಮತ್ತೆ ಜೆಲ್ಲಿ ಮೀನಿನಿಂದ ಕುಟುಕಿಸಿಕೊಂಡವರ ದೇಹ, ಸಂಪುಟದೊಳಗಿನ ಆ ಅಣುವನ್ನು ಶತ್ರುವೆಂದು ಗುರುತಿಟ್ಟುಕೊಂಡು, ವರ್ಷಗಳ ನಂತರ ಅದನ್ನು ಊಟದ ತಟ್ಟೆಯಲ್ಲಿ ಗುರುತಿಸಿತೆಂಬುದು ಅವರ ವಿವರಣೆ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಸೋಯಾ ಬೆಳೆಯುವವರು ಇದನ್ನು ಓದಿ ಗಾಬರಿಗೊಳ್ಳಬೇಕಿಲ್ಲ. ಆ ಅಣು ಕಾಳಿನಲ್ಲಿ ಇರುವುದಿಲ್ಲ. ಕುಟುಕು ಸಂಪುಟಕ್ಕೆ ಒತ್ತಡ ತುಂಬುವ ವಸ್ತುವೇ ಮನುಷ್ಯನ ಅಲರ್ಜಿಗೂ ಕಾರಣವಾದ ಈ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಕುಟುಕುವ ಮನೆತನದಿಂದ ನಮ್ಮ ರೋಗನಿರೋಧಕತೆಗೆ ಉಪಕಾರವೂ ಆಗಬಹುದು. 1984ರಲ್ಲಿ ಮನುಷ್ಯನ ಟಿ ಕೋಶಗಳಲ್ಲಿ ಪೊಟ್ಯಾಸಿಯಂ ಹಾದುಹೋಗುವ ದ್ವಾರಗಳಿವೆಯೆಂದು ಕಂಡುಹಿಡಿದ ತಂಡದಲ್ಲಿ ಜಾರ್ಜ್ ಚಾಂಡಿ ಎಂಬ ವಿಜ್ಞಾನಿ ಇದ್ದರು. ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಟಿ ಕೋಶಗಳು ಈ ದ್ವಾರವನ್ನು ಬಹಳವಾಗಿ ಅವಲಂಬಿಸಿವೆ. ಕೆರಿಬಿಯನ್ ಕಡಲ ಹೂವೊಂದರಿಂದ 1995ರಲ್ಲಿ ಬೇರ್ಪಡಿಸಿದ, ಬರೀ 35 ಅಮೈನೋ ಆಮ್ಲಗಳ ಎಸ್‌ಎಚ್‌ಕೆ ಎಂಬ ವಿಷ ಆ ದ್ವಾರವನ್ನೇ ಮುಚ್ಚುತ್ತದೆ. ಅದನ್ನು ತಿದ್ದಿ ರೂಪಿಸಿದ ಡಲಾಜಟೈಡ್ ಎಂಬ ಔಷಧವನ್ನು, ಇಂಥ ಟಿ ಕೋಶಗಳಿಂದ ಬರುವ ಸೋರಿಯಾಸಿಸ್ ಎಂಬ ಚರ್ಮರೋಗದ ರೋಗಿಗಳ ಸಣ್ಣ ಗುಂಪೊಂದರ ಮೇಲೆ ಪರೀಕ್ಷಿಸಿದಾಗ ಚರ್ಮದ ಸ್ಥಿತಿ ಸುಧಾರಿಸಿದ್ದು ವರದಿಯಾಗಿದೆ.

ಘಟ್ಟ ಇಳಿದು ಗೋವಾಕ್ಕೋ, ಮಾಲ್ವಣಕ್ಕೋ, ಕಾರವಾರಕ್ಕೋ ಹೋಗುವುದು ಬೆಳಗಾವಿಯ ಹುಡುಗರಿಗೆ ವಾಡಿಕೆ. ಹಾಗೆ ಹೋಗಿಬಂದ ವಿದ್ಯಾರ್ಥಿಯೊಬ್ಬ ಮುಂಗೈ ತೋರಿಸಿದ್ದ. ಎಳೆ ತಾಗಿದ ಕಡೆ ಬರೆ ಎಳೆದಂತೆ ಸಾಲುಸಾಲಾಗಿ ಮಣಿಮಣಿಯ ಗುರುತುಗಳಿದ್ದು, ಒಂದೊಂದು ಮಣಿಯೂ ಗ್ರಹಣಾಂಗದ ಒಂದೊಂದು ಗುಂಪು ಸಿಡಿದ ಜಾಗ. ಉರಿ ಅಂದೇ ಇಳಿದಿತ್ತು, ಗುರುತು ಮಾಸುತ್ತ ಬಂದಿತ್ತು, ಆಮೇಲೆ ಮತ್ತೆ ಅದೇ ಸಾಲುಗಳಲ್ಲಿ ತುರಿಕೆ, ಕೆಂಪು, ಗುಳ್ಳೆ. ಹೊಸದಾಗಿ ಏನೂ ಕುಟುಕಿರಲಿಲ್ಲ. ಚರ್ಮದಲ್ಲಿ ಉಳಿದಿದ್ದ ವಿಷದ ಅಂಶವನ್ನು ಅಷ್ಟರಲ್ಲಿ ಗುರುತು ಹಿಡಿಯಲು ಕಲಿತ ಟಿ ಕೋಶಗಳು ಅಲ್ಲಿಗೆ ಬಂದು ಸೇರಿದಾಗ ಹೀಗಾಗುವುದುಂಟು. ವೈದ್ಯರು ಇದನ್ನು ತಡವಾದ ಅತಿಸಂವೇದನೆ ಎನ್ನುತ್ತಾರೆ.

ಕಡಲಿಗೆ ಹೋಗುವವರು ಕೆಲವನ್ನು ತಿಳಿದಿರಬೇಕು. ಮರಳಿನ ಮೇಲೆ ಸತ್ತುಬಿದ್ದ ಜೆಲ್ಲಿ ಮೀನಿನ ಎಳೆಯೂ ಕುಟುಕುತ್ತದೆ, ಏಕೆಂದರೆ ಸಂಪುಟದೊಳಗಿನ ಒತ್ತಡಕ್ಕೆ ಪ್ರಾಣಿ ಬದುಕಿರಬೇಕೆಂದಿಲ್ಲ. ಕುಟುಕಿದ ಜಾಗವನ್ನು ಮರಳಿನಿಂದ ಉಜ್ಜಬಾರದು, ಸಿಹಿನೀರು ಸುರಿಯಬಾರದು, ಮೂತ್ರದಿಂದ ಪ್ರಯೋಜನವಿಲ್ಲ. ಇವೆಲ್ಲ ಸಿಡಿಯದೆ ಉಳಿದ ಸಂಪುಟಗಳನ್ನು ಸಿಡಿಸಬಲ್ಲವು. ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಬರಿಗೈ ಸೋಕಿಸದೆ ತೆಗೆದು, ಚರ್ಮ ಸುಡದಷ್ಟು ಬಿಸಿಯ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಪ್ಪತ್ತು ನಿಮಿಷವಾದರೂ ಇಟ್ಟರೆ ಬಹುತೇಕ ನೋವು ತಗ್ಗುತ್ತದೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ ಅದು ಅನಾಫೈಲಾಕ್ಸಿಸ್. ಬಿಸಿನೀರಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು, ಅಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಸಿಗಬೇಕು. ಹಿಂದೊಮ್ಮೆ ಕುಟುಕಿಸಿಕೊಂಡದ್ದಿದ್ದರೆ ಆ ಸಂಗತಿಯನ್ನೂ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು.